ಸಸ್ಯದ್ರವ್ಯಗಳೂ ಪ್ರಾಣಿಗಳಲ್ಲಿ ಮಧುಮೇಹವೂ: ತಂಗಡಿಯ ನಿದರ್ಶನ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಂಥ ಊರುಗಳ ಸುತ್ತಣ ಬಯಲಿನಲ್ಲಿ ಸಂಚರಿಸುವವರಿಗೆ, ಬೇರೆ ಹಸುರೆಲ್ಲ ಬಾಡಿದ ಕಾಲದಲ್ಲಿಯೂ ಹಳದಿಯ ಹೂಗೊಂಚಲುಗಳನ್ನು ಹೊತ್ತು ನಿಂತ ಒಂದು ಪೊದೆಗಿಡವು ಕಣ್ಣಿಗೆ ಬೀಳದಿರುವುದಿಲ್ಲ. ಇದೇ ತಂಗಡಿ, ಆವರಿಕೆಯೆಂಬ ಹೆಸರೂ ಇದಕ್ಕೆ ಉಂಟು. ಸಸ್ಯಶಾಸ್ತ್ರಜ್ಞರು ಇದನ್ನು ಬಹುಕಾಲ ಕ್ಯಾಸಿಯ ಆರಿಕ್ಯುಲೇಟ ಎಂದು ಕರೆಯುತ್ತಿದ್ದು, ಈಗ ಸೆನ್ನ ಕುಲಕ್ಕೆ ಸೇರಿಸಿದ್ದಾರೆ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲೊಂದಾದ ಇಲ್ಲಿ, ಕಲ್ಲುನೆಲದಲ್ಲಿಯೂ ಬೇರೂರಿ ಬದುಕುವ ಈ ಗಿಡದ ತೊಗಟೆಯು ಚರ್ಮ ಹದಮಾಡುವುದಕ್ಕೂ, ಸೊಪ್ಪು ಗೊಬ್ಬರಕ್ಕೂ ಒದಗಿಬಂದಿದೆ. ಅಮೃತಮಹಲ್ ಕಾವಲುಗಳೆಂದು ಪ್ರಸಿದ್ಧವಾದ ಇಲ್ಲಿಯ ಹುಲ್ಲುಗಾವಲುಗಳಲ್ಲಿ ಮೇಯುವ ದನಗಳು ಸಾಮಾನ್ಯವಾಗಿ ಇದನ್ನು ಮುಟ್ಟದೆ ಬಿಡುತ್ತವೆ. ದನ ಬಿಟ್ಟ ಗಿಡವನ್ನು ಮನುಷ್ಯನು ಬಿಡಲಿಲ್ಲ. ಒಣಗಿಸಿದ ತಂಗಡಿ ಹೂವಿನ ಕಷಾಯವು ಸಿಹಿಮೂತ್ರಕ್ಕೆ ಒಳ್ಳೆಯದೆಂಬ ನಂಬಿಕೆ ದಕ್ಷಿಣ ಭಾರತದಲ್ಲೆಲ್ಲ ಹರಡಿದೆ.

ಈ ನಂಬಿಕೆಯು ಪ್ರಯೋಗಶಾಲೆಯನ್ನು ಪ್ರವೇಶಿಸಿದ ಬಗೆಯನ್ನೂ, ಅಲ್ಲಿ ಇಲಿಯ ಮೂಲಕ ದೊರೆತ ಉತ್ತರವನ್ನು ನಾವು ಹೇಗೆ ಓದಿಕೊಳ್ಳಬೇಕೆಂಬುದನ್ನೂ ಈ ಲೇಖನದಲ್ಲಿ ವಿವರಿಸಲು ಉದ್ದೇಶಿಸಿದ್ದೇವೆ. ವಿಷಯವು ಕೇವಲ ಶಾಸ್ತ್ರಕುತೂಹಲದ್ದಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ 10 ಲಕ್ಷ ಜನ ಮಧುಮೇಹಿಗಳಿದ್ದಾರೆ. ಇವರಲ್ಲಿ ಎಷ್ಟೋ ಮಂದಿ ವೈದ್ಯರು ಕೊಟ್ಟ ಗುಳಿಗೆಯ ಜೊತೆಗೋ, ಅದಕ್ಕೆ ಬದಲಾಗಿಯೋ ಒಂದಲ್ಲ ಒಂದು ಸೊಪ್ಪಿನ ಪುಡಿಯನ್ನು ಸೇವಿಸುವವರು. ಅದನ್ನು ಮಾರುವವನು ‘ಇಲಿಗಳಲ್ಲಿ ಸಿದ್ಧವಾಗಿದೆ’ ಎಂದರೆ, ಆ ಮಾತಿನ ಬೆಲೆಯೆಷ್ಟೆಂದು ಹೇಳಬಲ್ಲವರು ನಮ್ಮ ಕಾಲೇಜುಗಳಲ್ಲಿ ವಿಜ್ಞಾನವನ್ನು ಓದಿದವರೇ ಅಲ್ಲವೆ?

ಮೊದಲು, ರೋಗವಿಲ್ಲದ ಪ್ರಾಣಿಗೆ ಈ ರೋಗವನ್ನು ಬರಿಸುವುದು ಹೇಗೆಂಬುದನ್ನು ತಿಳಿಯಬೇಕು. 1889ರಲ್ಲಿ ಸ್ಟ್ರಾಸ್‌ಬರ್ಗಿನ ಫಾನ್ ಮೇರಿಂಗ್ ಮತ್ತು ಮಿಂಕೋವ್‌ಸ್ಕಿ ಎಂಬ ವಿದ್ವಾಂಸರು ನಾಯಿಯ ಮೇದೋಜೀರಕಾಂಗವನ್ನು ಕತ್ತರಿಸಿ ತೆಗೆದಾಗ ಅದಕ್ಕೆ ತೀವ್ರವಾದ ಮಧುಮೇಹವುಂಟಾಯಿತು. ಆ ಅಂಗದಲ್ಲಿ ದ್ವೀಪಗಳಂತೆ ಚದರಿರುವ ಜೀವಕೋಶಗಳ ಗುಂಪುಗಳಿವೆಯೆಂದೂ, ಅವುಗಳಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ಎಂಬ ಚೋದನಿಕೆಯನ್ನು ರಕ್ತಕ್ಕೆ ಬಿಡುತ್ತವೆಯೆಂದೂ ವಾಚಕರಿಗೆ ವಿದಿತವೇ ಇದೆ. ಶಸ್ತ್ರಕ್ರಿಯೆಯು ಕಷ್ಟಸಾಧ್ಯವಾದುದರಿಂದ ಸುಲಭವಾದ ಉಪಾಯವೊಂದು ಬೇಕಾಗಿತ್ತು. ಅದು ಅಕಸ್ಮಾತ್ತಾಗಿ ದೊರೆಯಿತು. 1943ರಲ್ಲಿ ಗ್ಲಾಸ್ಗೊ ನಗರದಲ್ಲಿ ಡನ್, ಶೀಹನ್ ಮತ್ತು ಮೆಕ್‌ಲೆಚಿ ಎಂಬವರು ಮೂತ್ರಪಿಂಡಕ್ಕೆ ಆಗುವ ಹಾನಿಯನ್ನು ಅಭ್ಯಸಿಸುತ್ತಿರುವಾಗ, ಅಲಾಕ್ಸಾನ್ ಎಂಬ ರಾಸಾಯನಿಕವನ್ನು ಚುಚ್ಚಿದ ಮೊಲಗಳಲ್ಲಿ ಮೇದೋಜೀರಕಾಂಗದ ದ್ವೀಪಗಳು ನಾಶವಾಗಿರುವುದನ್ನು ಕಂಡರು. ಇಪ್ಪತ್ತು ವರ್ಷಗಳ ತರುವಾಯ, 1963ರಲ್ಲಿ, ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದ ಸ್ಟ್ರೆಪ್ಟೊಜೊಟೊಸಿನ್ ಎಂಬ ದ್ರವ್ಯಕ್ಕೂ ಇದೇ ಗುಣವಿರುವುದು ತಿಳಿಯಿತು. ಇಂದಿಗೂ ಸಸ್ಯಸಾರಗಳ ಪರೀಕ್ಷೆಯ ಬಹುಪಾಲು ಈ ಎರಡು ವಿಷಗಳನ್ನೇ ಅವಲಂಬಿಸಿದೆ.

ಇವು ಬೀಟಾ ಕೋಶಗಳನ್ನೇ ಆರಿಸಿ ಕೊಲ್ಲುವುದಕ್ಕೆ ಕಾರಣ ಸ್ವಾರಸ್ಯವಾದುದು. ಎರಡೂ ಸ್ವಲ್ಪಮಟ್ಟಿಗೆ ಗ್ಲೂಕೋಸನ್ನು ಹೋಲುತ್ತವೆ. ಆದಕಾರಣ ಗ್ಲೂಕೋಸನ್ನು ಒಳಗೆ ಬಿಟ್ಟುಕೊಳ್ಳುವ ವಾಹಕವು ಇವನ್ನೂ ಒಳಗೆ ಬಿಡುತ್ತದೆ. ಇಲಿಯ ಬೀಟಾ ಕೋಶದಲ್ಲಿ ಈ ವಾಹಕವು ವಿಪುಲವಾಗಿದೆ. ಒಳಹೊಕ್ಕ ಅಲಾಕ್ಸಾನ್ ಆಮ್ಲಜನಕದ ಉಗ್ರರೂಪಗಳನ್ನು ಹುಟ್ಟಿಸಿ ಕೋಶವನ್ನು ಸುಡುತ್ತದೆ. ಸ್ಟ್ರೆಪ್ಟೊಜೊಟೊಸಿನ್ ವಂಶವಾಹಿ ಎಳೆಗಳನ್ನೇ ಕೆಡಿಸುತ್ತದೆ. ಮನುಷ್ಯನ ಬೀಟಾ ಕೋಶದಲ್ಲಿ ಆ ವಾಹಕವು ವಿರಳವಾದ್ದರಿಂದ ಅದು ಈ ವಿಷಗಳಿಗೆ ಸುಲಭವಾಗಿ ಸೋಲುವುದಿಲ್ಲ. ಗಿನಿಯಿಲಿಯೂ ಅಲಾಕ್ಸಾನಿಗೆ ಜಗ್ಗದು. ಒಂದೇ ವಿಷಕ್ಕೆ ಒಂದು ಪ್ರಾಣಿ ಸಾಯುತ್ತದೆ, ಮತ್ತೊಂದು ನಿಶ್ಚಿಂತೆಯಿಂದಿರುತ್ತದೆ ಎಂಬುದನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡುವುದು ಅಗತ್ಯ.

ಈಗ ತಂಗಡಿಯ ವಿಚಾರ. ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾನಿಲಯದಲ್ಲಿ ಪರಿ ಮತ್ತು ಲತಾ ಎಂಬ ಸಂಶೋಧಕರು ಸ್ಟ್ರೆಪ್ಟೊಜೊಟೊಸಿನ್‌ನಿಂದ ಮಧುಮೇಹ ಬರಿಸಿದ ಇಲಿಗಳಿಗೆ ತಂಗಡಿ ಹೂವಿನ ಜಲಸಾರವನ್ನು 30 ದಿನಗಳ ಕಾಲ ಬಾಯಿಯ ಮೂಲಕ ಕೊಟ್ಟು, 2002ರಲ್ಲಿ ಮತ್ತು 2003ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ದೇಹತೂಕದ ಕಿಲೋಗ್ರಾಮಿಗೆ 0.15, 0.30 ಮತ್ತು 0.45 ಗ್ರಾಂ ಎಂಬ ಮೂರು ಪ್ರಮಾಣಗಳಲ್ಲಿ ಕೊನೆಯದೇ ಹೆಚ್ಚು ಫಲಕಾರಿಯಾಯಿತು: ರಕ್ತದ ಸಕ್ಕರೆ ಇಳಿಯಿತು, ಇನ್ಸುಲಿನ್ ಏರಿತು, ಕೊಬ್ಬಿನ ಅಂಶಗಳು ಸುಧಾರಿಸಿದವು. ಹೋಲಿಕೆಗಾಗಿ ಬಳಸಿದ ಗ್ಲಿಬೆನ್‌ಕ್ಲಮೈಡ್ ಎಂಬ ಔಷಧಕ್ಕಿಂತ ಸಾರವೇ ಮೇಲೆಂದು ಅವರು ತೀರ್ಮಾನಿಸಿದರು. ಇದು ಶ್ರದ್ಧೆಯಿಂದ ಮಾಡಿದ ಕೆಲಸವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಇಂಥ ಲೇಖನಗಳನ್ನು ಓದುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ.

ಮೊದಲನೆಯದಾಗಿ, ಗ್ಲಿಬೆನ್‌ಕ್ಲಮೈಡಿನ ಕ್ರಿಯೆಯೇನು? ಅದು ಬದುಕಿರುವ ಬೀಟಾ ಕೋಶಗಳನ್ನು ಪ್ರಚೋದಿಸಿ ಇನ್ಸುಲಿನ್ ಬಿಡಿಸುತ್ತದೆ. ಕೋಶಗಳೇ ಬಹುಪಾಲು ಸತ್ತುಹೋಗಿರುವ ಇಲಿಯಲ್ಲಿ ಅದು ಏನನ್ನು ತಾನೆ ಮಾಡೀತು? ಆಳಿಲ್ಲದ ಹೊಲದಲ್ಲಿ ಮೇಸ್ತ್ರಿಯ ಕೂಗಿನಂತೆ ಅದು ವ್ಯರ್ಥವಾಗುತ್ತದೆ. ಆದಕಾರಣ ‘ಪ್ರಸಿದ್ಧ ಔಷಧಕ್ಕಿಂತ ನಮ್ಮ ಸಾರವೇ ಮೇಲು’ ಎಂಬ ವಾಕ್ಯವನ್ನು ಎಲ್ಲಿಯೇ ಕಂಡರೂ, ಆ ಪ್ರಾಣಿಗಳಲ್ಲಿ ಬೀಟಾ ಕೋಶಗಳು ಎಷ್ಟು ಉಳಿದಿದ್ದವೆಂದು ಮೊದಲು ವಿಚಾರಿಸಬೇಕು. ಉಳಿದಿದ್ದರೆ ಹೋಲಿಕೆ ನ್ಯಾಯವಾದುದು. ಉಳಿದಿಲ್ಲದಿದ್ದರೆ ಕುಂಟನೊಡನೆ ಓಡಿ ಗೆದ್ದಂತಾಗುವುದು.

ಎರಡನೆಯದು ಸಾರವನ್ನು ಕೊಟ್ಟ ಕಾಲ. ಅಲಾಕ್ಸಾನ್ ದೇಹದೊಳಗೆ ನಿಮಿಷಗಳಲ್ಲಿ ಕರಗಿಹೋಗುವ ವಸ್ತು. ಸಸ್ಯಸಾರಗಳಲ್ಲಿ ಬಹುತೇಕ ಎಲ್ಲವೂ ಉತ್ಕರ್ಷಣವನ್ನು ತಡೆಯುವ ಫೀನಾಲಿಕ್ ದ್ರವ್ಯಗಳಿಂದ ತುಂಬಿರುತ್ತವೆ. ವಿಷವನ್ನು ಚುಚ್ಚುವುದಕ್ಕೆ ಮುಂಚಿನಿಂದಲೇ ಸಾರವನ್ನು ಕೊಡುತ್ತ ಬಂದರೆ, ಅದು ವಿಷದ ಉರಿಯನ್ನು ಆರಿಸಿ ಕೋಶಗಳನ್ನು ಕಾಪಾಡಬಹುದು. ಇಲಿಗೆ ರೋಗವೇ ಬಾರದಿರಬಹುದು. ಇದು ಅಲಾಕ್ಸಾನಿಗೆ ಪ್ರತಿವಿಷ, ಮಧುಮೇಹಕ್ಕೆ ಔಷಧವಲ್ಲ. ಮಧುಮೇಹಿಯಾದ ಯಾವ ಮನುಷ್ಯನೂ ಅಲಾಕ್ಸಾನ್ ಕುಡಿದು ಆ ಸ್ಥಿತಿಗೆ ಬಂದವನಲ್ಲವಷ್ಟೆ.

ಈ ಎಚ್ಚರಿಕೆಯು ನಮ್ಮ ಹೊನ್ನೆಯ ಮರದ ಚರಿತ್ರೆಯಿಂದ ಸ್ಪಷ್ಟವಾಗುತ್ತದೆ. ಹೊನ್ನೆಯ ಕಟ್ಟಿಗೆಯ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಗ್ಗೆ ಕುಡಿಯುವ ಪದ್ಧತಿಯನ್ನು ಎಲ್ಲರೂ ಬಲ್ಲರು. 1980ರ ದಶಕದ ಆರಂಭದಲ್ಲಿ ಭಾರತೀಯ ಸಂಶೋಧಕರು ಹೊನ್ನೆಯ ತೊಗಟೆಯಲ್ಲಿರುವ ಎಪಿಕ್ಯಾಟೆಚಿನ್ ಎಂಬ ದ್ರವ್ಯವು ಅಲಾಕ್ಸಾನ್ ಕೊಟ್ಟ ಇಲಿಗಳಲ್ಲಿ ಬೀಟಾ ಕೋಶಗಳನ್ನು ಮತ್ತೆ ಬೆಳೆಯಿಸುತ್ತದೆಂದು ಪ್ರಕಟಿಸಿದರು. ಸತ್ತ ಕೋಶವು ಮರಳಿ ಹುಟ್ಟುವುದೆಂದರೆ ಮಧುಮೇಹದ ಮೂಲೋಚ್ಛೇದನವೇ ಆದಂತೆ. ಲೋಕವೆಲ್ಲ ಕಿವಿನಿಮಿರಿಸಿ ಕೇಳಿತು. ಆದರೆ 1982 ಮತ್ತು 1983ರಲ್ಲಿ ಬೇರೆ ದೇಶಗಳ ಪ್ರಯೋಗಶಾಲೆಗಳಲ್ಲಿ ಇದನ್ನು ಪುನಃ ಮಾಡಿ ನೋಡಿದಾಗ, ಸ್ಥಾಪಿತವಾದ ಮಧುಮೇಹದ ಮೇಲೆ ಆ ಪರಿಣಾಮವು ಕಂಡುಬರಲಿಲ್ಲ. ಅಲಾಕ್ಸಾನ್ ಕೊಟ್ಟ ಇಲಿಗಳಲ್ಲಿ ಕೆಲವು ತಾವಾಗಿಯೇ ಚೇತರಿಸಿಕೊಳ್ಳುವುದುಂಟು. ಔಷಧವಿಲ್ಲದೆ ಗುಣವಾಗುವವುಗಳ ಲೆಕ್ಕವಿಡದೆ ಔಷಧದಿಂದ ಗುಣವಾದವುಗಳ ಲೆಕ್ಕವಿಡುವುದು ಎಷ್ಟು ಅಪಾಯಕರವೆಂಬುದನ್ನು ಒತ್ತಿಹೇಳಬೇಕಾಗಿಲ್ಲ. ಹಾಗೆಂದು ಹೊನ್ನೆಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ಹೊಸದಾಗಿ ಮಧುಮೇಹ ಕಂಡುಬಂದ ರೋಗಿಗಳಲ್ಲಿಯೇ ಪರೀಕ್ಷೆ ನಡೆಯಿಸಿ 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ, 12 ವಾರಗಳಲ್ಲಿ 97 ರೋಗಿಗಳ ಪೈಕಿ 67 ಮಂದಿಗೆ ರಕ್ತದ ಸಕ್ಕರೆ ಹತೋಟಿಗೆ ಬಂದಿತೆಂದು ಹೇಳಿದೆ. ಇದು ಹೋಲಿಕೆಯ ಗುಂಪಿಲ್ಲದೆ ಮಾಡಿದ ಪರೀಕ್ಷೆಯೆಂಬ ಕೊರತೆಯುಂಟು. ಆದರೂ ಇಲಿಯಲ್ಲಿ ಕಂಡ ಅದ್ಭುತಕ್ಕಿಂತ ಮನುಷ್ಯನಲ್ಲಿ ಕಂಡ ಈ ಸಾಧಾರಣ ಫಲವನ್ನೇ ನಾವು ಹೆಚ್ಚು ಗೌರವದಿಂದ ಕಾಣುತ್ತೇವೆ.

ಮೂರನೆಯದಾಗಿ ಪ್ರಮಾಣದ ಪ್ರಶ್ನೆ. ಕಿಲೋಗ್ರಾಮಿಗೆ 0.45 ಗ್ರಾಂ ಎಂಬುದನ್ನು 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ನೇರವಾಗಿ ಗುಣಿಸಿದರೆ ದಿನಕ್ಕೆ 27 ಗ್ರಾಂ ಆಗುತ್ತದೆ. ಚಿಕ್ಕ ಪ್ರಾಣಿಯ ದೇಹವ್ಯಾಪಾರವು ದೊಡ್ಡ ಪ್ರಾಣಿಯದಕ್ಕಿಂತ ವೇಗವಾದುದರಿಂದ ತೂಕಕ್ಕೆ ಬದಲು ಮೈಯ ಮೇಲ್ಮೈಯನ್ನು ಆಧಾರವಾಗಿಟ್ಟುಕೊಳ್ಳುವುದು ರೂಢಿ. ಆ ಲೆಕ್ಕದಂತೆ ಇಲಿಯ ಪ್ರಮಾಣವನ್ನು ಸುಮಾರು ಆರರಿಂದ ಭಾಗಿಸಿದರೆ ಮನುಷ್ಯನಿಗೆ ನಾಲ್ಕೂವರೆ ಗ್ರಾಂನಷ್ಟು ಬರುತ್ತದೆ. ಇದಾದರೂ ಸಾರದ ತೂಕವೇ ಹೊರತು ಹೂವಿನ ತೂಕವಲ್ಲ. ಒಂದು ಲೋಟ ಕಷಾಯಕ್ಕೆ ಒಂದು ಚಿಟಿಕೆ ಹೂವನ್ನು ಹಾಕುವವನು ಇಲಿಯ ಪ್ರಮಾಣದ ಹತ್ತಿರಕ್ಕೂ ಬಂದಿರುವುದಿಲ್ಲ. ಹಿಡಿಗಟ್ಟಲೆ ಹಾಕಿ ಬತ್ತಿಸಿ ಕುಡಿಯುವವನು, ಜೊತೆಗೆ ವೈದ್ಯರ ಗುಳಿಗೆಯನ್ನೂ ನುಂಗುವವನಾದರೆ, ಸಕ್ಕರೆ ಹಠಾತ್ತಾಗಿ ಕುಸಿದು ತಲೆಸುತ್ತಿ ಬೀಳುವ ಸಂಭವವೂ ಇಲ್ಲದಿಲ್ಲ. ಇನ್ನು ಬೀಟಾ ಕೋಶಗಳೇ ನಾಶವಾಗಿರುವ ಎಳೆಯರ ಮಧುಮೇಹದಲ್ಲಿ ಕಷಾಯವನ್ನು ನಂಬಿ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ರಕ್ತವು ಆಮ್ಲೀಯವಾಗಿ ಪ್ರಾಣಕ್ಕೆ ಎರವಾಗುತ್ತದೆ. ಯಾವ ಸಸ್ಯವೂ ಇನ್ಸುಲಿನ್ನಿನ ಸ್ಥಾನವನ್ನು ತುಂಬಿದ ನಿದರ್ಶನವಿಲ್ಲ. ಈ ಒಂದು ಮಾತನ್ನಾದರೂ ನಮ್ಮ ವಿದ್ಯಾರ್ಥಿಗಳು ತಮ್ಮ ಊರುಗಳಲ್ಲಿ ಸಂಕೋಚವಿಲ್ಲದೆ ಹೇಳಬೇಕೆಂದು ಬಯಸುತ್ತೇವೆ.

ಪ್ರಾಣಿಗೂ ಮನುಷ್ಯನಿಗೂ ಇರುವ ಭೇದವನ್ನು ಮಧುನಾಶಿನಿಗಿಂತ ಚೆನ್ನಾಗಿ ತೋರಿಸುವ ಗಿಡ ಮತ್ತೊಂದಿಲ್ಲ. ಇದರ ಎಲೆಯನ್ನು ಅಗಿದು ಸಕ್ಕರೆಯನ್ನು ಬಾಯಿಗೆ ಹಾಕಿಕೊಂಡರೆ ಮರಳನ್ನು ಹಾಕಿಕೊಂಡಂತಿರುತ್ತದೆ. ಡೇವಿಡ್ ಹೂಪರ್ ಎಂಬ ರಸಾಯನಜ್ಞನು ಉದಕಮಂಡಲದಲ್ಲಿದ್ದಾಗ 1887ರಲ್ಲಿ ಇದರಿಂದ ಜಿಮ್ನೆಮಿಕ್ ಆಮ್ಲವನ್ನು ಬೇರ್ಪಡಿಸಿದನು. ಈ ಆಮ್ಲವು ಮನುಷ್ಯನ ನಾಲಗೆಯಲ್ಲಿನ ಸಿಹಿಗ್ರಾಹಕಗಳನ್ನು ಮುಚ್ಚುತ್ತದೆ. ಇಲಿಯ ನಾಲಗೆಯ ಮೇಲೆ ಅದರ ಪ್ರಭಾವ ಅತ್ಯಲ್ಪ. ಅದೇ ಎಲೆಯಲ್ಲಿ 35 ಅಮೈನೋ ಆಮ್ಲಗಳಿಂದಾದ ಗುರ್ಮರಿನ್ ಎಂಬ ಮತ್ತೊಂದು ದ್ರವ್ಯವಿದೆ. ಅದು ಇಲಿಯ ಸಿಹಿರುಚಿಯನ್ನು ಅಡಗಿಸುತ್ತದೆ, ಮನುಷ್ಯನದನ್ನು ಅಡಗಿಸದು! ಇಲಿ ಮತ್ತು ಮನುಷ್ಯ ಇಬ್ಬರೂ ಒಂದೇ ಎಲೆಯನ್ನು ತಿಂದು ಒಂದೇ ಅನುಭವವನ್ನು ಪಡೆದರೂ, ಕಾರಣಗಳು ಬೇರೆ ಬೇರೆ. ಸಾರವನ್ನು ಇಡಿಯಾಗಿ ಪರೀಕ್ಷಿಸಿ ಅಷ್ಟಕ್ಕೇ ತೃಪ್ತಿಪಡುವವರಿಗೆ ಈ ವ್ಯತ್ಯಾಸವು ಎಂದೆಂದಿಗೂ ಗೋಚರವಾಗದು.

ದೊಡ್ಡಉಳ್ಳಾರ್ತಿಯ ಕಾವಲಿನ ದನವನ್ನೇ ತೆಗೆದುಕೊಳ್ಳೋಣ. ಮೆಲುಕುಹಾಕುವ ಪ್ರಾಣಿಯ ಕರುಳಿನಿಂದ ಗ್ಲೂಕೋಸು ಹೀರಿಕೆಯಾಗುವುದು ಬಹು ಕಡಿಮೆ. ಹೊಟ್ಟೆಯ ಮೊದಲ ಕೋಣೆಯಲ್ಲಿ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸಿ ಕೊಟ್ಟ ಪ್ರೊಪಿಯೋನಿಕ್ ಆಮ್ಲದಿಂದ ಅದರ ಯಕೃತ್ತು ಸಕ್ಕರೆಯನ್ನು ತಯಾರಿಸಿಕೊಳ್ಳುತ್ತದೆ. ಅದರ ರಕ್ತದ ಸಕ್ಕರೆಯ ಸಹಜ ಮಟ್ಟವೂ ನಮ್ಮದಕ್ಕಿಂತ ಕಡಿಮೆ. ಹಸುವಿಗೆ ಯಾವ ಸೊಪ್ಪು ಹಿತ, ಯಾವುದು ಅಹಿತ ಎಂಬ ಗೋಪಾಲಕರ ಜ್ಞಾನವು ಅಮೂಲ್ಯವಾದುದಾದರೂ, ಅದರಿಂದ ಮನುಷ್ಯನ ಮಧುಮೇಹದ ಬಗ್ಗೆ ನೇರವಾಗಿ ಏನನ್ನೂ ಊಹಿಸಲಾಗುವುದಿಲ್ಲ. ಆದರೆ ಅಂಥ ಜ್ಞಾನವು ಬೇರೊಂದು ರೀತಿಯಲ್ಲಿ ಉಪಕಾರಕ್ಕೆ ಬರುತ್ತದೆ. ಯೂರೋಪಿನ ಹುಲ್ಲುಗಾವಲುಗಳಲ್ಲಿ ಗಲೇಗ ಎಂಬ ಗಿಡವೊಂದಿದೆ. ಅದನ್ನು ಮೇದ ಕುರಿಗಳು ಸಾಯುವುದುಂಟು. ಅದರ ವಿಷಗುಣಕ್ಕೆ ಕಾರಣವಾದುದು ಗ್ವಾನಿಡೀನ್ ವರ್ಗಕ್ಕೆ ಸೇರಿದ ಗಲೇಜಿನ್. ಗ್ವಾನಿಡೀನು ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುತ್ತದೆಂದು 1918ರಲ್ಲಿ ತಿಳಿಯಿತು. ವಿಷವನ್ನು ಕಳೆದು ಗುಣವನ್ನು ಉಳಿಸಿಕೊಳ್ಳುವ ಹಲವು ಯತ್ನಗಳಲ್ಲಿ ಕೆಲವು ಯಕೃತ್ತನ್ನು ಕೆಡಿಸಿ ಮೂಲೆಗುಂಪಾದವು. 1922ರಲ್ಲಿಯೇ ತಯಾರಾಗಿ ಮರೆತುಹೋಗಿದ್ದ ಅದೇ ಬಳಗದ ಮೆಟ್‌ಫಾರ್ಮಿನ್ ಎಂಬುದನ್ನು ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ 1957ರಲ್ಲಿ ಬಳಕೆಗೆ ತಂದನು. ಇಂದು ಲೋಕದಲ್ಲಿ ಅತ್ಯಧಿಕವಾಗಿ ಬಳಸಲ್ಪಡುವ ಮಧುಮೇಹದ ಗುಳಿಗೆ ಅದೇ. ಗಿಡದ ಸಾರವನ್ನು ಕುಡಿಯಿಸುವುದರಿಂದಲ್ಲ, ಅದರ ಅಣುವನ್ನು ಗುರುತಿಸಿ ತಿದ್ದಿದುದರಿಂದ ಈ ಫಲ ದೊರೆಯಿತು.

ಸೇಬಿನ ಮರದ ಬೇರುತೊಗಟೆಯ ಫ್ಲೋರಿಜಿನ್ ಕಥೆಯೂ ಇದೇ ಜಾತಿಯದು. 1835ರಲ್ಲಿ ಬೇರ್ಪಡಿಸಿದ ಈ ದ್ರವ್ಯವನ್ನು ಮೇಲೆ ಹೇಳಿದ ಫಾನ್ ಮೇರಿಂಗ್ 1886ರಲ್ಲಿ ನಾಯಿಗೆ ಕೊಟ್ಟಾಗ ಮೂತ್ರದಲ್ಲಿ ಸಕ್ಕರೆ ಹರಿಯಿತು. ರೋಗದ ಲಕ್ಷಣವನ್ನು ತರಿಸುವ ವಸ್ತುವೇ ರೋಗಕ್ಕೆ ಮದ್ದಾದೀತೆಂದು ಆಗ ಯಾರು ಊಹಿಸಿದ್ದರು? ಮೂತ್ರಪಿಂಡವು ಸಕ್ಕರೆಯನ್ನು ಮರಳಿ ಹೀರಿಕೊಳ್ಳುವುದನ್ನು ಅದು ತಡೆಯುತ್ತದೆಂಬುದು ಆಮೇಲೆ ಸ್ಪಷ್ಟವಾಯಿತು. 1987ರಲ್ಲಿ ಮಧುಮೇಹದ ಇಲಿಗಳಿಗೆ ಫ್ಲೋರಿಜಿನ್ ಕೊಟ್ಟು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕಿಸಿದಾಗ, ಇನ್ಸುಲಿನ್ನಿಗೆ ಅವುಗಳ ದೇಹ ಸ್ಪಂದಿಸುವ ಶಕ್ತಿಯೂ ಮರುಕಳಿಸಿತು. 2012ರಿಂದೀಚೆಗೆ ವೈದ್ಯರು ಬರೆದುಕೊಡುತ್ತಿರುವ ಡಪಾಗ್ಲಿಫ್ಲೋಜಿನ್ ಮುಂತಾದವು ಈ ತೊಗಟೆಯ ದ್ರವ್ಯದ ವಂಶದವೇ. ಪ್ರಾಣಿಪ್ರಯೋಗವು ನಿಜವಾಗಿ ಸಾರ್ಥಕವಾದುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ನಮಗೆ ಗೊತ್ತಿಲ್ಲ. ಏಕೆಂದರೆ ಇಲ್ಲಿ ಪ್ರಯೋಗವು ‘ಇಳಿಯಿತೆ?’ ಎಂದಷ್ಟೇ ಕೇಳದೆ ‘ಏಕೆ ಇಳಿಯಿತು?’ ಎಂದು ಕೇಳಿತು.

ಕೆಲವೊಮ್ಮೆ ಇಲಿ ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆಯದಕ್ಕೆ ಉತ್ತರಿಸುತ್ತದೆ. ನಮ್ಮ ಮನೆಗಳ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಎಲೆಯು ಸಿಹಿಮೂತ್ರಕ್ಕೆ ಮದ್ದೆಂದು ಕೇಳಿ, 1950ರ ದಶಕದಲ್ಲಿ ಕೆನಡದ ನೋಬಲ್ ಮತ್ತು ಬೀರ್ ಅದರ ಸಾರವನ್ನು ಇಲಿಗಳಿಗೆ ಚುಚ್ಚಿದರು. ಸಕ್ಕರೆ ಇಳಿಯಲಿಲ್ಲ, ಇಲಿಗಳು ಸೋಂಕಿನಿಂದ ಸತ್ತವು. ರಕ್ತದ ಬಿಳಿಯ ಕಣಗಳು ಕ್ಷೀಣಿಸಿದ್ದುದೇ ಕಾರಣವೆಂದು ಕಂಡು ಅವರು ಆ ಜಾಡನ್ನೇ ಹಿಡಿದು, 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಏಡಿಗಂತಿಯ ಔಷಧವನ್ನು ಹೊರತಂದರು. ಸತ್ತ ಇಲಿಗಳನ್ನು ‘ಪ್ರಯೋಗ ವಿಫಲ’ ಎಂದು ಬರೆದು ಎಸೆದಿದ್ದರೆ ಈ ಲಾಭವೆಲ್ಲಿ? ಅದೇ ನಿತ್ಯಪುಷ್ಪವನ್ನು ಈಗಲೂ ಮಧುಮೇಹಕ್ಕೆಂದು ಅಗಿಯುವವರು ಇದ್ದಾರೆಂಬುದನ್ನು ನೆನೆದರೆ ನಮಗೆ ಕಳವಳವಾಗುತ್ತದೆ.

ತಂಗಡಿಗೆ ಮರಳೋಣ. ಅದರ ಕ್ರಿಯೆಗೆ ಕಾರಣವೇನಿರಬಹುದು? ಒಂದು ಸುಳಿವು ಶ್ರೀಲಂಕೆಯಿಂದ ಬಂದಿದೆ. ಅಲ್ಲಿಯ ತಂಗಡಿಯನ್ನು ಪರೀಕ್ಷಿಸಿದ ಸಂಶೋಧಕರು 2004ರಲ್ಲಿ, ಅದರ ಸಾರವು ಕರುಳಿನಲ್ಲಿ ಮಾಲ್ಟೋಸನ್ನು ಗ್ಲೂಕೋಸಾಗಿ ಒಡೆಯುವ ಕಿಣ್ವವನ್ನು ತಡೆಯುತ್ತದೆಂದೂ, ಮಾಲ್ಟೋಸು ತಿನ್ನಿಸಿದ ಇಲಿಗಳಲ್ಲಿ ರಕ್ತದ ಸಕ್ಕರೆ ಏರುವುದನ್ನು ಕುಗ್ಗಿಸುತ್ತದೆಂದೂ ತೋರಿಸಿದರು. ರಾಗಿಮುದ್ದೆಯನ್ನೋ ಅನ್ನವನ್ನೋ ಉಂಡವನಿಗೆ ಪಿಷ್ಟವು ನಿಧಾನವಾಗಿ ಒಡೆಯುವುದು ಹಿತಕರವೇ ಸರಿ. ಇಲ್ಲಿ ಒಂದು ತೊಡಕುಂಟು. ಚರ್ಮವನ್ನು ಹದಮಾಡುವ ಗಿಡವಿದು. ಹದಮಾಡುವುದೆಂದರೆ ಟ್ಯಾನಿನ್ನುಗಳು ಚರ್ಮದ ಪ್ರೋಟೀನನ್ನು ಬಿಗಿದು ಕಟ್ಟುವುದು. ಕಿಣ್ವವೂ ಪ್ರೋಟೀನೇ ಆದ್ದರಿಂದ ಟ್ಯಾನಿನ್ನು ಯಾವ ಕಿಣ್ವವನ್ನಾದರೂ ಹಿಡಿದು ನಿಲ್ಲಿಸಬಲ್ಲುದು. ಕಾಣಿಸಿದ ತಡೆಯು ಆ ಒಂದು ಕಿಣ್ವಕ್ಕೆ ಮೀಸಲಾದುದೋ, ಅಥವಾ ಸಿಕ್ಕಿದ್ದನ್ನೆಲ್ಲ ಹಿಡಿಯುವ ಟ್ಯಾನಿನ್ನಿನದೋ ಎಂಬುದನ್ನು ಬೇರ್ಪಡಿಸಬೇಕು. ತೊಗಟೆ, ಎಲೆ, ಹೂವುಗಳಲ್ಲಿ ದ್ರವ್ಯಗಳ ಪ್ರಮಾಣ ಭಿನ್ನವಾಗಿರುವುದರಿಂದ, ಯಾವ ಭಾಗವನ್ನು ಯಾವ ಋತುವಿನಲ್ಲಿ ಯಾವ ನೆಲದಿಂದ ತಂದದ್ದೆಂಬುದನ್ನು ಬರೆದಿಡುವುದೂ, ಒಣಗಿಸಿದ ಮಾದರಿಯೊಂದನ್ನು ಸಸ್ಯಸಂಗ್ರಹದಲ್ಲಿ ಇಡುವುದೂ ಅನಿವಾರ್ಯ. ಅಂಗಡಿಯಲ್ಲಿ ಕೊಂಡ ಹಳದಿಯ ಪುಡಿಯಿಂದ ಪ್ರಾರಂಭವಾಗುವ ಪ್ರಬಂಧಯೋಜನೆಗಳು ನಮ್ಮ ಕೈಗೆ ಬಂದಾಗ ನಾವು ಮೊದಲ ಪುಟದಲ್ಲಿಯೇ ನಿಲ್ಲಬೇಕಾಗುತ್ತದೆ.

ಮಾದರಿಗಳ ಮಾತು ಬಂದುದರಿಂದ ಇದನ್ನೂ ಹೇಳುತ್ತೇವೆ. ಉಳ್ಳಾರ್ತಿ ಕಾವಲಿನಲ್ಲಿಯೂ ಖುದಾಪುರದ ಕಾವಲಿನಲ್ಲಿಯೂ ಸಾವಿರಾರು ಎಕರೆ ನೆಲವು 2010ರ ಸುಮಾರಿನಲ್ಲಿ ದೇಶದ ದೊಡ್ಡ ವಿಜ್ಞಾನಸಂಸ್ಥೆಗಳಿಗೆ ಹಂಚಿಕೆಯಾಯಿತು. ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ದೊರೆತುದೇ 1,500 ಎಕರೆ. ಹುಲ್ಲುಗಾವಲು ಬೇಲಿಯೊಳಗಾದುದರ ಬಗ್ಗೆ ಅಲ್ಲಿಯ ದನಗಾಹಿಗಳಿಗೆ ಇದ್ದ ನೋವು ಸಕಾರಣವಾದುದು. ಆ ನೆಲದ ಸಸ್ಯಗಳ ಪಟ್ಟಿಯನ್ನು ಮಾಡುವವರು ಗೋಪಾಲಕರನ್ನು ಜೊತೆಗೆ ಕರೆದೊಯ್ಯುವುದು ಲೇಸು. ದನ ಯಾವುದನ್ನು ಮೂಸಿ ಬಿಡುತ್ತದೆಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ, ಗಲೇಗದಂಥ ಗಿಡಗಳು ಸಿಕ್ಕುವುದು ಅಂಥ ಪಟ್ಟಿಯಲ್ಲಿಯೇ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇಲಿಗಳನ್ನು ಬಳಸಲು ನಿಯಮಾನುಸಾರ ರಚಿತವಾದ ಸಮಿತಿಯ ಅನುಮತಿ ಬೇಕು. ಅದು ಸುಲಭಸಾಧ್ಯವೂ ಅಲ್ಲ, ಪ್ರಾರಂಭದಲ್ಲಿ ಅವಶ್ಯಕವೂ ಅಲ್ಲ. ಪಿಷ್ಟದ ತಿಳಿ, ಅಮೈಲೇಸ್ ಕಿಣ್ವ, ಅಯೋಡಿನ್ ದ್ರಾವಣ ಇಷ್ಟಿದ್ದರೆ ತಂಗಡಿಯ ಸಾರವು ಪಿಷ್ಟದ ಒಡೆತವನ್ನು ತಡೆಯುವುದೆ ಎಂದು ಗಾಜಿನ ನಳಿಗೆಯಲ್ಲಿಯೇ ನೋಡಬಹುದು. ಎರಡು ಜಾಗ್ರತೆಗಳನ್ನು ಮಾತ್ರ ಮರೆಯಬಾರದು. ಸಾರದಲ್ಲಿನ ಫೀನಾಲಿಕ್ ದ್ರವ್ಯಗಳು ಅಯೋಡಿನ್ನನ್ನೇ ಅಪಕರ್ಷಿಸಿ ನೀಲಿಬಣ್ಣವನ್ನು ಅಳಿಸಬಲ್ಲವು. ಬಣ್ಣ ಹೋದುದನ್ನು ಕಂಡು ಪಿಷ್ಟ ಒಡೆಯಿತೆಂದು ಭ್ರಮಿಸುವ ಸಂಭವವಿದೆ. ಇದಕ್ಕಾಗಿ ಕಿಣ್ವವಿಲ್ಲದೆ ಪಿಷ್ಟ ಮತ್ತು ಸಾರಗಳನ್ನು ಮಾತ್ರ ಬೆರೆಸಿದ ನಳಿಗೆಯೊಂದು ಪಕ್ಕದಲ್ಲಿರಬೇಕು. ಎರಡನೆಯದಾಗಿ, ಸಾರಕ್ಕೆ ಮೊದಲು ಜಿಲೆಟಿನ್ ಸೇರಿಸಿ ಟ್ಯಾನಿನ್ನುಗಳನ್ನು ಗಸಿಯಾಗಿ ಇಳಿಸಿ, ಸೋಸಿದ ತಿಳಿಯಿಂದ ಪ್ರಯೋಗವನ್ನು ಮತ್ತೊಮ್ಮೆ ಮಾಡಬೇಕು. ತಡೆಯು ಆಗಲೂ ಉಳಿದರೆ ಮುಂದಿನ ಹೆಜ್ಜೆಗೆ ಅರ್ಥವಿದೆ. ಉಳಿಯದಿದ್ದರೆ ನಾವು ಅಳೆದದ್ದು ಚರ್ಮ ಹದಮಾಡುವ ಶಕ್ತಿಯನ್ನು.